ಅನುಮೋದನೆ

ವಿಶ್ರಾಮಬಾಗ, ಸಾಂಗಲಿ
ಸೋಮವಾರ, ೨೭ ಅಕ್ಟೋಬರ್ ೨೦೨೫

ಪ್ರೀತಿಯ ಮಗಳು ಸೋನಲಗೆ ಅವ್ವನ ತುಂಬು ಆಶೀರ್ವಾದ. ಅಳಿಯಂದಿರಿಗೂ ತಿಳಿಸು.

ಫೋನ್ ಇರುವಾಗ ಈ ಮುದುಕಿಗೆ ಕಾಗದ ಬರೆಯುವ ಹುಚ್ಚು ಎಲ್ಲಿಂದ ಹತ್ತಿತು ಎಂದು ನೀನು ನಗಬಹುದು. ನಗು. ಫೋನಿನಲ್ಲಿ ನೀನು ನನ್ನ ಮಾತು ಕೇಳುವುದಿಲ್ಲ, ನನ್ನ ಉಸಿರು ಕೇಳುತ್ತೀ. ಎರಡು ಮಾತಾಡುವಷ್ಟರಲ್ಲಿ ಯಾಕವ್ವಾ ದಮ್ಮು ಹತ್ತಿತೇನು ಎನ್ನುತ್ತೀ. ಕಾಗದದ ಮೇಲೆ ನನಗೆ ದಮ್ಮು ಹತ್ತುವುದಿಲ್ಲ. ಅದೂ ಅಲ್ಲದೆ ಈ ಮನೆಯಲ್ಲಿ ಕನ್ನಡ ಓದಬಲ್ಲವರು ಬೇರೆ ಯಾರೂ ಇಲ್ಲ. ನಿನ್ನ ತಮ್ಮ ಸಂಮೇದ ಮರಾಠಿ ಶಾಲೆಯಲ್ಲಿ ಕಲಿತವನು, ನನ್ನ ಕೂಡ ಕನ್ನಡ ಮಾತಾಡುತ್ತಾನೆ, ಅಷ್ಟೇ. ಅವನ ಹೆಂಡತಿ ಅನುಜಾಗೆ ತಿಳಿಯುತ್ತದೆ, ನಾಲಿಗೆ ಹೊರಳುವುದಿಲ್ಲ. ಬೇಸಿಗೆ ರಜೆಯಲ್ಲಿ ಕಿವಿ ಹಿಂಡಿ ಕೂರಿಸಿ ನಿನಗೆ ಅಕ್ಷರ ತಿದ್ದಿಸಿದ್ದಕ್ಕೆ ಆಗ ಎಷ್ಟು ಅತ್ತಿದ್ದೆ. ಈಗ ಉಪಯೋಗಕ್ಕೆ ಬಂತು ನೋಡು.

ನಾನು ಆರಾಮ ಇದ್ದೇನೆ. ಮನೆಯ ದೊಡ್ಡ ಸುದ್ದಿ ಎಂದರೆ ಲೈಟ್ ಬಿಲ್ಲು ಇಳಿದಿದೆ.

ಕಳೆದ ವರ್ಷ ಮಿರಜದ ಡಾಕ್ಟರು ನನಗೆ ಆಕ್ಸಿಜನ್ ಮಶೀನು ಬರೆದುಕೊಟ್ಟರಲ್ಲ, ಮ್ಹೈಸಾಳದ ಆಲೆಮನೆಯ ಹೊಗೆ ನಿಮ್ಮ ಎದೆಯಲ್ಲಿ ಮನೆ ಮಾಡಿದೆ, ರಾತ್ರಿಯಿಡೀ ಇದನ್ನು ಹಾಕಿಕೊಳ್ಳಲೇಬೇಕು ಎಂದು. ಅಂದಿನಿಂದ ಬಿಲ್ಲು ಏರುತ್ತಲೇ ಹೋಯಿತು. ಯೂನಿಟ್ಟು ಒಂದು ಗೆರೆ ದಾಟಿದರೆ ದರವೂ ಏರುತ್ತದಂತೆ. ನಮ್ಮ ಮನೆಯನ್ನು ಆ ಗೆರೆ ದಾಟಿಸಿದವಳು ನಾನು.

ಸಂಮೇದನ ಬಾಯಲ್ಲಿ ಪರವಡತೈತೇನು, ಗಿಟ್ಟುತ್ತದೇನು ಎಂಬ ಮಾತು ಹೇಗೆ ಕೂತಿದೆ ಎಂದು ನಿನಗೆ ಗೊತ್ತು. ಅಂಗಡಿಗೆ ಅರಿಸಿನ ಕೊಂಡರೂ ಪರವಡತೈತೇನು, ಮನೆಗೆ ಮಾವಿನಹಣ್ಣು ತಂದರೂ ಪರವಡತೈತೇನು. ಆದರೆ ಮಶೀನಿನ ಬಗ್ಗೆ ಅವನು ಒಂದು ದಿನವೂ ಹಾಗೆ ಅನ್ನಲಿಲ್ಲ, ಅದನ್ನು ನಾನು ಮುಚ್ಚಿಡುವುದಿಲ್ಲ. ಹೊಸ ಮೀಟರು ಬಂದಿದೆಯಲ್ಲ, ಯಾವ ಹೊತ್ತಿಗೆ ಎಷ್ಟು ಕರೆಂಟು ಸುಟ್ಟಿತು ಎಂದು ಅವನ ಮೊಬೈಲಿನಲ್ಲೇ ಕಾಣುತ್ತದೆ. ಬೆಳಗಿನ ಚಹಾ ಕುಡಿಯುತ್ತ ಅದನ್ನೇ ನೋಡುತ್ತ ಕೂರುತ್ತಿದ್ದ. ನನಗೂ ತೋರಿಸಿದ. ಹಗಲೆಲ್ಲ ಸಣ್ಣ ಸಣ್ಣ ಗೀರು, ರಾತ್ರಿಯಾಯಿತೆಂದರೆ ಎತ್ತರಕ್ಕೆ ಕಂಬ. ಆ ಕಂಬ ನಾನು.

ಆಮೇಲೆ ಒಂದೊಂದೇ ಬಂದಾಯಿತು. ಗೀಜರು ಹೋಯಿತು. ಮಿಕ್ಸರು ಹೋಗಿ ಅನುಜಾ ಒರಳಿನ ಮುಂದೆ ಕೂತಳು. ಮೇ ತಿಂಗಳ ಸೆಖೆಯಲ್ಲಿ ಒಂದು ಸಲ ಅವಳು ಫ್ಯಾನು ಹಚ್ಚಲು ಹೋಗಿ, ನನ್ನ ಕೋಣೆಯ ಕಡೆ ನೋಡಿ, ಕೈ ಹಿಂದೆ ತೆಗೆದುಕೊಂಡಳು. ಅವರು ಬೆವರು ಒರೆಸಿಕೊಳ್ಳುತ್ತ ಹೊರಗೆ ಮಲಗಿದರೆ ಒಳಗೆ ನನಗೊಬ್ಬಳಿಗೆ ಮಶೀನು ಗುರುಗುಟ್ಟುತ್ತಿತ್ತು. ನನಗೆ ನಾಚಿಕೆಯಾಯಿತು, ಸೋನಲ. ಸಿಟ್ಟೂ ಬಂತು. ಮೊದಲು ಬಂದದ್ದು ನಾಚಿಕೆ.

ಪರವಡತೈತೋ ಇಲ್ಲವೋ ಎಂದು ನಾನೂ ಯೋಚಿಸಿದೆ. ಒಂದು ರಾತ್ರಿಯ ಉಸಿರಿಗೆ ಬೀಳುವುದು ಅರ್ಧ ಕಿಲೋ ದ್ರಾಕ್ಷಿಯ ಬೆಲೆ. ನನ್ನನ್ನು ಕೇಳಿದರೆ ಇಷ್ಟು ಸೋವಿಯಾದದ್ದು ಸಾಂಗಲಿಯ ಪೇಟೆಯಲ್ಲಿ ಇನ್ನೊಂದಿಲ್ಲ. ಆದರೆ ಆ ದುಡ್ಡಿಗೆ ಏನು ಕೊಂಡೆವು ಎಂದು ಬಿಲ್ಲಿನ ಮೇಲೆ ಬರೆದಿರುವುದಿಲ್ಲವಲ್ಲ. ಯೂನಿಟ್ಟು ಬರೆದಿರುತ್ತದೆ, ರೂಪಾಯಿ ಬರೆದಿರುತ್ತದೆ. ಕಟ್ಟುವವನು ಅದನ್ನೇ ನೋಡುತ್ತಾನೆ. ಅವನದು ತಪ್ಪು ಎಂದು ಹೇಗೆ ಹೇಳಲಿ?

ಆಷಾಢದಲ್ಲಿ ನಮ್ಮ ಬಸದಿಯಲ್ಲಿ ಮುನಿ ಮಹಾರಾಜರ ಚಾತುರ್ಮಾಸ ಶುರುವಾಯಿತು. ಪ್ರವಚನ ಮುಗಿಸಿ ಅವರು, ಈ ನಾಲ್ಕು ತಿಂಗಳಿಗೆ ನಿಮಗೆ ಆಗುವಂಥದ್ದು ಏನಾದರೂ ಬಿಡಿ, ನೇಮ ತೆಗೆದುಕೊಳ್ಳಿ ಎಂದರು. ಒಬ್ಬರು ಸಕ್ಕರೆ ಬಿಟ್ಟರು, ಒಬ್ಬರು ಹಸಿರು ಪಲ್ಲೆ, ಬುಧಗಾಂವದಿಂದ ಬಂದಿದ್ದ ಹಿರಿಯರೊಬ್ಬರು ಚಪ್ಪಲಿ ಬಿಟ್ಟರು. ನಾನು ಎದ್ದು ನಿಂತು, ಸೂರ್ಯ ಮುಳುಗಿದ ಮೇಲೆ ಕರೆಂಟಿನಿಂದ ನಡೆಯುವ ಯಾವುದನ್ನೂ ಬಳಸುವುದಿಲ್ಲ ಎಂದೆ. ಬೆಂಕಿಯಲ್ಲೂ ಜೀವ ಕಾಣುವ ಜನ ನಾವು, ಸಭೆಗೆ ಬಹಳ ಹಿಡಿಸಿತು. ಎಲ್ಲರೂ ಕೈಯೆತ್ತಿ ಅನುಮೋದನಾ, ಅನುಮೋದನಾ ಎಂದು ಕೂಗಿದರು. ಇನ್ನೊಬ್ಬರ ತ್ಯಾಗಕ್ಕೆ ಬಾಯಿತುಂಬ ಹೌದೆಂದರೆ ಅದರ ಪುಣ್ಯದಲ್ಲಿ ನಮಗೂ ಪಾಲು ಬರುತ್ತದೆಂದು ನೀನೂ ಚಿಕ್ಕವಳಿದ್ದಾಗ ಗಂಟಲು ಹರಿಯುವಂತೆ ಕೂಗುತ್ತಿದ್ದೆ.

ಮಹಾರಾಜರಿಗೆ ಮಶೀನಿನ ಮಾತು ನಾನು ಹೇಳಲಿಲ್ಲ. ಹೇಳಿದ್ದರೆ ಔಷಧಿಗೆ ನೇಮ ಅಡ್ಡ ಬರುವುದಿಲ್ಲ ತಾಯಿ ಎಂದು ಅಲ್ಲಿಯೇ ಕೂರಿಸುತ್ತಿದ್ದರು. ನಿಜ ಹೇಳಲೇ, ನನಗೆ ಮಹಾರಾಜರು ಬೇಡ ಎನ್ನುವುದು ಬೇಕಿರಲಿಲ್ಲ. ಮನೆಯಲ್ಲಿ ಯಾರಾದರೂ ಬೇಡ ಎಂದು ನನ್ನ ಕೂಡ ಜಗಳ ತೆಗೆಯಲಿ ಎಂದಿತ್ತು.

ಆ ದಿನ ದೀಪ ಹಚ್ಚುವ ಹೊತ್ತಿಗೆ ಸಂಮೇದ ನನ್ನ ಕೋಣೆಯ ಬಾಗಿಲಲ್ಲಿ ಬಂದು ನಿಂತ. ಡಾಕ್ಟರು ಬ್ಯಾರೆ ಹೇಳ್ಯಾರಲ್ಲವ್ವಾ ಎಂದ. ನೇಮ ತಗೊಂಡೇನಪಾ ಎಂದೆ.

“ನೇಮ ಅಂದಮ್ಯಾಲ ನಾ ಬ್ಯಾಡ ಅಂದ್ರ ನನಗ ಪಾಪ ಬರತೈತಿ” ಎಂದ.

ಆಮೇಲೆ ತಾನೇ ಬಗ್ಗಿ ಪ್ಲಗ್ಗು ಕಿತ್ತ. ವೈರನ್ನು ಒಪ್ಪವಾಗಿ ಸುತ್ತಿ ಮಶೀನಿನ ಮೇಲಿಟ್ಟ. ಅವನ ಮುಖದಲ್ಲಿ ಸಂಕಟವಿತ್ತು, ಸುಳ್ಳು ಹೇಳಲಾರೆ. ಆದರೆ ಮಾರ್ಕೆಟ್ ಯಾರ್ಡಿನಲ್ಲಿ ಚೀಲ ಇಳಿಸಿದ ಹಮಾಲನ ಹಾಗೆ ಅವನ ಹೆಗಲು ಹಗುರಾದದ್ದೂ ನನಗೆ ಕಂಡಿತು. ತಾಯಿಗೆ ಕಾಣದೆ ಇರುತ್ತದೆಯೇ?

ರಾತ್ರಿ ಹೇಗೆ ಕಳೆಯುತ್ತದೆ ಎಂದು ಕೇಳಬೇಡ. ಗೋಡೆಗೆ ದಿಂಬು ಹಚ್ಚಿ ಕೂತಿರುತ್ತೇನೆ, ಮಲಗಿದರೆ ಯಾರೋ ಎದೆಯ ಮೇಲೆ ಕಾಲಿಟ್ಟಂತೆ ಆಗುತ್ತದೆ. ಬಾಗಿಲ ಆಚೆ ಅನುಜಾಳ ಬಳೆಯ ಸದ್ದು ಕೇಳುತ್ತದೆ, ಬಂದು ನಿಂತು ಹೋಗುತ್ತಾಳೆ, ಒಳಗೆ ಬರುವುದಿಲ್ಲ. ಬೆಳಗಾಯಿತೆಂದರೆ ಹಲ್ಲು ಕೂಡ ತಿಕ್ಕದೆ ಓಡಿ ಬಂದು ನನ್ನ ಮೂಗಿಗೆ ನಳಿಕೆ ಹಚ್ಚುತ್ತಾಳೆ. ದೀಪಾವಳಿಯ ಫೋಟೊ ನೋಡಿ ಅವ್ವ ಎಷ್ಟು ಚೆಂದ ಕಾಣುತ್ತಾಳೆ ಎಂದೆಯಲ್ಲ, ನನ್ನ ತುಟಿ ನೇರಳೆಗಟ್ಟಿದ್ದು ಕಾಣಬಾರದೆಂದು ಅವಳು ತನ್ನ ಲಿಪ್‌ಸ್ಟಿಕ್ ತೆಳುವಾಗಿ ಹಚ್ಚಿದ್ದಳು. ಈ ವಯಸ್ಸಿಗೆ ನನಗೆ ಶೃಂಗಾರ!

ಬಿಲ್ಲು ಮಾತ್ರ ಚೆನ್ನಾಗಿ ಇಳಿಯಿತು. ಸಂಮೇದ ಪೇಢೆ ತಂದ. ಎಲ್ಲ ನಮ್ಮ ಅವ್ವನ ಪುಣ್ಯ ಎಂದು ಬಸದಿಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡ. ಈ ಸಲ ಬಾಲ್ಕನಿಯ ತುಂಬ ಬಣ್ಣದ ಲೈಟಿನ ಸರ ಬಿಟ್ಟಿದ್ದ, ಅವು ರಾತ್ರಿಯಿಡೀ ಮಿಣುಕುತ್ತಿದ್ದವು. ನನ್ನ ಕೋಣೆಯ ಗೋಡೆಯ ಮೇಲೂ ಕೆಂಪು, ಹಸಿರು ಬೀಳುತ್ತಿತ್ತು. ಅದನ್ನು ನೋಡುತ್ತ ಕೂತಿದ್ದೆ.

ದೀಪಾವಳಿಗೆ ಚಾತುರ್ಮಾಸ ಮುಗಿಯಿತು, ನನ್ನ ನೇಮವೂ ತೀರಿತು. ಆ ಸಂಜೆ ಮಶೀನಿನ ಪಕ್ಕದಲ್ಲೇ ಕೂತೆ. ಇನ್ನು ಹಚ್ಚವ್ವ ಎಂದು ಯಾರಾದರೂ ಅನ್ನಲಿ ಎಂದು ಕಾದೆ. ಊಟದ ಪಾತ್ರೆ ತೊಳೆದಾಯಿತು, ಬಾಗಿಲ ಚಿಲಕ ಹಾಕಿದ್ದಾಯಿತು, ಯಾರೂ ಅನ್ನಲಿಲ್ಲ. ನಾನೇ ಹಚ್ಚಬಹುದಿತ್ತು. ನನ್ನ ಹಟ ನಿನಗೆ ಗೊತ್ತು, ನಿನಗೂ ಅದೇ ಬಂದಿದೆ.

ನಿನ್ನೆ ಸಂಮೇದ ಬಂದು ಕೂತ. ಬರುವ ಭಾನುವಾರ ಮಹಾರಾಜರ ಪಿಂಛಿ ಪರಿವರ್ತನೆ ಇದೆ, ಅವರು ಹೊಸದು ಹಿಡಿದ ಮೇಲೆ ಹಳೆಯ ನವಿಲುಗರಿಯ ಪಿಂಛಿ ದೊಡ್ಡ ನೇಮ ತೆಗೆದುಕೊಂಡವರ ಮನೆಗೆ ಬರುತ್ತದೆ. ಅದು ನಮ್ಮ ಮನೆಗೆ ಬರಲಿ ಎಂದು ಅವನಿಗೆ ಆಸೆ. ನನ್ನ ಪಾದ ಹಿಡಿದುಕೊಂಡು ಮಾತಾಡಿದ.

“ಹೆಂಗೂ ನಾಲ್ಕ ತಿಂಗಳ ರೂಢಿ ಆಗೇತಿ ನಿನಗ. ಜೀವ ಇರೂತನಕಾ ತಗೊಂಬಿಡವ್ವಾ. ನಾ ಅನುಮೋದನಾ ಮಾಡತೇನಿ.”

ಮಶೀನಿಗೆ ಕುಪವಾಡದ ಗಿರಾಕಿಯೊಬ್ಬ ಸಿಕ್ಕಿದ್ದಾನಂತೆ. ಭಾನುವಾರದ ಮರುದಿನವೇ ಬಂದು ಒಯ್ಯುತ್ತಾನೆ. ಇದನ್ನು ಹೇಳುವಾಗ ಅವನು ನನ್ನ ಮುಖ ನೋಡಲಿಲ್ಲ.

ನಾನು ಆಗಲಿ ಎಂದೆ. ಯಾಕೆ ಹಾಗೆಂದೆನೋ ತಿಳಿಯದು. ಆಗಿನಿಂದ ನನಗೆ ಭಯವಾಗುತ್ತಿದೆ, ಮಗಳೇ.

ಇರಲಿ. ಇಷ್ಟಕ್ಕೆ ನೀನು ಗಡಿಬಿಡಿ ಮಾಡಿಕೊಂಡು ಹುಬ್ಬಳ್ಳಿಯಿಂದ ಓಡಿ ಬರಬೇಡ. ನಿನ್ನ ಶಾಲೆ ಶುರುವಾಗಿದೆ, ಅಳಿಯಂದಿರ ಊಟಕ್ಕೆ ತೊಂದರೆಯಾಗುತ್ತದೆ. ತಮ್ಮನ ಕೂಡ ಫೋನಿನಲ್ಲಿ ಜಗಳವಾಡಬೇಡ, ಅವನು ಕೆಟ್ಟವನಲ್ಲ. ಪಾತ್ರೆ ತೊಳೆಯುವ ಸಾತವ್ವ ಇದನ್ನು ಈಗಲೇ ಪೋಸ್ಟಿಗೆ ಹಾಕುತ್ತೇನೆ ಎಂದಿದ್ದಾಳೆ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅವ್ವ
ಕಮಲಾಬಾಯಿ

ತಾ. ಕ.: ಜೀವ ಇರುವ ತನಕದ ನೇಮ ಕೊಡುವ ಮುಂಚೆ ಮಹಾರಾಜರು ಸಭೆಯ ಕಡೆ ತಿರುಗಿ, ಇವರ ಮನೆಯವರಲ್ಲಿ ಯಾರದಾದರೂ ತಕರಾರು ಇದೆಯೇ ಎಂದು ಕೇಳುತ್ತಾರೆ. ಒಬ್ಬರು ಬೇಡ ಎಂದರೂ ಕೊಡುವುದಿಲ್ಲ. ಮದುವೆಯಾಗಿ ಹೋದ ಮಗಳು ಮನೆಯವಳೆಂದು ಲೆಕ್ಕಕ್ಕೆ ಬರುತ್ತಾಳೆಯೇ ಎಂದು ಬಸದಿಯ ಪಂಡಿತರನ್ನು ಕೇಳಿದೆ. ಬರುತ್ತಾಳಂತೆ. ಸಭೆ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ.