ಬಿಸಿಯಾದದ್ದು ಗಾಜಿನ ಪಾತ್ರೆಯೋ, ಹೋಟೆಲಿನ ಗೋಡೆಯೋ: ವಡೋದರಾದ ಅಧಿಕಾರಿಯವರಿಗೆ

ಮಾನ್ಯರೇ,

ಕಳೆದ ತಿಂಗಳು, ಹೊಸ ಉಪಕರಣಗಳನ್ನು ಪರೀಕ್ಷಿಸುವ ನಿಮ್ಮ ಸರ್ಕಾರಿ ಕಚೇರಿಯಿಂದ ನನ್ನ ಗಂಡನ ಹೆಸರಿಗೆ ಒಂದು ರಿಜಿಸ್ಟರ್ಡ್ ನೋಟೀಸು ಬಂದಿದೆ. ತಾವು ತಯಾರಿಸಿರುವುದಾಗಿ ಹೇಳಿಕೊಂಡಿರುವ ಉಪಕರಣದೊಂದಿಗೆ ಖುದ್ದಾಗಿ ಹಾಜರಾಗಿ ಅದನ್ನು ನಡೆಸಿ ತೋರಿಸಬೇಕು, ತಪ್ಪಿದಲ್ಲಿ ಅರ್ಜಿದಾರರಿಗೆ ಆಸಕ್ತಿಯಿಲ್ಲವೆಂದು ಭಾವಿಸಿ ಕಡತವನ್ನು ಮುಕ್ತಾಯಗೊಳಿಸಲಾಗುವುದು ಎಂದು ಅದರಲ್ಲಿ ಬರೆದಿದೆ. ಇದನ್ನು ಪಾಲಿಸಲು ನಮಗೆ ಎರಡು ಸಣ್ಣ ಅಡಚಣೆಗಳಿವೆ. ಉಪಕರಣ ನಾಲ್ಕು ವರ್ಷಗಳಿಂದ ನಿಮ್ಮ ಕಚೇರಿಯಲ್ಲೇ ಇದೆ; ಪರೀಕ್ಷೆ ಮಾಡಿ ತಿಳಿಸುತ್ತೇವೆ ಎಂದು ನೀವೇ ಬಂದು ಒಯ್ದಿದ್ದೀರಿ. ಅರ್ಜಿದಾರರು, ಅಂದರೆ ನನ್ನ ಗಂಡ ಚಂದ್ರಶೇಖರ, ಈ ಫೆಬ್ರವರಿಯಲ್ಲಿ ತೀರಿಕೊಂಡರು. ನೋಟೀಸು ಓದಿ ನನಗೆ ಕೋಪ ಬರಬೇಕಿತ್ತು. ಬರಲಿಲ್ಲ. ಅದನ್ನು ಮಡಚಿ ಫ್ರಿಜ್ಜಿನ ಮೇಲಿಟ್ಟು ಕುಕ್ಕರ್ ಇಟ್ಟೆ.

ಕನ್ನಡದಲ್ಲಿ, ಅದೂ ಪತ್ರಿಕೆಯಲ್ಲಿ, ಯಾಕೆ ಬರೆಯುತ್ತಿದ್ದೇನೆ ಎಂದು ನೀವು ಕೇಳಬಹುದು. ಇಂಗ್ಲಿಷಿನಲ್ಲಿ ಬರೆದ ಯಾವ ಪತ್ರಕ್ಕೂ ನಿಮ್ಮಿಂದ ಉತ್ತರ ಬಂದಿಲ್ಲ. ಹಿಂದಿಯಲ್ಲಿ ಬರೆದದ್ದಕ್ಕೂ ಬಂದಿಲ್ಲ. ನೀವು ನಮ್ಮ ಕಡೆಯವರೇ ಎಂಬುದು ನನಗೆ ಗೊತ್ತಿದೆ. ಉಪಕರಣ ಒಯ್ಯಲು ಬಂದ ದಿನ, ಅದನ್ನು ಇಟ್ಟಿದ್ದ ನಾರಾಯಣರಾಯರ ಹೋಟೆಲಿನಲ್ಲಿ ಕೂತು ಇಡ್ಲಿ ತಿಂದಿರಿ, ಕೈ ತೊಳೆಯುತ್ತಾ ಅಚ್ಚ ಕನ್ನಡದಲ್ಲಿ "ಚಟ್ನಿ ಚೆನ್ನಾಗಿದೆ" ಎಂದಿರಿ. ಈ ಪ್ರಕರಣದಲ್ಲಿ ನಿಮ್ಮ ಕಚೇರಿ ಇದುವರೆಗೆ ನೀಡಿರುವ ತಜ್ಞ ಅಭಿಪ್ರಾಯ ಅದೊಂದೇ. ರಾಯರು ಅದನ್ನು ಇನ್ನೂ ನೆನೆಯುತ್ತಾರೆ.

ಓದುಗರಿಗೆ ವಿಷಯ ತಿಳಿಯಬೇಕಾದ್ದರಿಂದ ಮೊದಲಿನಿಂದ ಹೇಳುತ್ತೇನೆ. ನನ್ನ ಗಂಡ ಧಾರವಾಡದವರು, ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ಇನ್ಸ್‌ಪೆಕ್ಟರಾಗಿ ಅಹಮದಾಬಾದಿಗೆ ಬಂದವರು. ಎಂಬತ್ತೊಂಬತ್ತರಲ್ಲಿ ಪತ್ರಿಕೆಗಳಲ್ಲೆಲ್ಲ ಒಂದು ಸುದ್ದಿ ಬಂದಿತ್ತು. ಸೂರ್ಯನ ಒಡಲಲ್ಲಿ ಕೋಟಿಗಟ್ಟಲೆ ಡಿಗ್ರಿ ಶಾಖದಲ್ಲಿ ನಡೆಯುವ ಪರಮಾಣುಗಳ ಸಮ್ಮಿಳನ ಒಂದು ಗಾಜಿನ ಪಾತ್ರೆಯಲ್ಲಿ, ಕೋಣೆಯ ತಂಪಿನಲ್ಲೇ ಆಗುತ್ತದೆ. ಅಣುಸ್ಥಾವರಗಳಲ್ಲಿ ಬಳಸುವ ಭಾರಜಲದಲ್ಲಿ ಪಲ್ಲಾಡಿಯಂ ಎಂಬ ಲೋಹದ ತಂತಿ ಮುಳುಗಿಸಿ ವಿದ್ಯುತ್ ಹರಿಸಿದರೆ ಕೊಟ್ಟದ್ದಕ್ಕಿಂತ ಹೆಚ್ಚು ಶಾಖ ಹೊರಬರುತ್ತದೆ ಎಂದು. ಆಮೇಲೆ ದೊಡ್ಡ ದೊಡ್ಡವರೆಲ್ಲ ಇದು ಸುಳ್ಳು ಎಂದರು. ಸುದ್ದಿ ಸತ್ತಿತು. ನಮ್ಮ ಮನೆಯಲ್ಲಿ ಸಾಯಲಿಲ್ಲ.

ಪ್ರತಿ ಭಾನುವಾರ ಮಣಿನಗರ ಸ್ಟೇಷನ್ನಿನ ಹತ್ತಿರ ನಾರಾಯಣರಾಯರ ಹೋಟೆಲಿನ ಹಿಂದಿನ ಉಗ್ರಾಣದಲ್ಲಿ ಮೂವರು ಸೇರುತ್ತಿದ್ದರು. ನನ್ನ ಗಂಡ, ಕುಂದಾಪುರದ ಕಡೆಯ ರಾಯರು, ಮತ್ತು ಸೂರತ್ತಿನಿಂದ ರೈಲು ಹತ್ತಿ ಬರುವ ಬ್ಯಾಂಕಿನ ಗುಂಡಪ್ಪನವರು. ಬಿಳಿ ಬಂಗಾರ ಮಾಡಲು ಪಲ್ಲಾಡಿಯಂ ಬೆರೆಸುತ್ತಾರೆ ಎಂದು ತಿಳಿದು, ಅಲ್ಲಿನ ವರಾಛಾದ ವಜ್ರದ ವ್ಯಾಪಾರಿಗಳ ಮೂಲಕ ಒಬ್ಬ ಅಕ್ಕಸಾಲಿಗನನ್ನು ಹಿಡಿದು ತಂತಿ ಎಳೆಸಿ ತಂದವರು ಗುಂಡಪ್ಪನವರೇ. ಭಾರಜಲ, ನಿವೃತ್ತಿಯಾಗುತ್ತಿದ್ದ ಒಬ್ಬ ರಸಾಯನಶಾಸ್ತ್ರದ ಮೇಷ್ಟ್ರು ಕೊಟ್ಟ ಸಣ್ಣ ಸೀಸೆ. ನಿಮ್ಮವರು ಅದನ್ನು ಹಿಡಿದು ನೋಡಿದ ರೀತಿಗೆ ನಾವು ಅಣುಬಾಂಬು ಇಟ್ಟುಕೊಂಡಿದ್ದೇವೆ ಎಂದು ನನಗೇ ಅನುಮಾನ ಬಂದಿತ್ತು.

ಅವರ ಮಾತು ಕೇಳಬೇಕಿತ್ತು ನೀವು. "ಸೂರತ್ತಿನ ಉಧ್ನಾದ ಅಷ್ಟೂ ಮಗ್ಗ ಒಂದು ಬಿಂದಿಗೆ ನೀರಲ್ಲಿ ಓಡ್ತವೆ ಅಂದ್ರೆ ನಂಬ್ತೀರಾ?" ಎಂದು ಗುಂಡಪ್ಪನವರು. "ಮಗ್ಗ ಮತ್ತೆ ನೋಡುವ ಮಾರಾಯ್ರೆ, ಮೊದಲು ನನ್ನ ಇಡ್ಲಿ ಬಾಯ್ಲರಿಗೆ ಆಗ್ತದಾ ಹೇಳಿ" ಎಂದು ರಾಯರು. ನನ್ನ ಗಂಡ ಮಾತ್ರ ಥರ್ಮಾಮೀಟರಿನಿಂದ ಕಣ್ಣು ತೆಗೆಯದೆ, "ಮೊದ್ಲ ಬಿಸಿ ಆಗ್ತದೋ ಇಲ್ಲೋ ನೋಡೂಣ್ರಿ, ಆಮ್ಯಾಲ ಹಂಚಿಕೊಳ್ಳೂಣು" ಎನ್ನುತ್ತಿದ್ದರು. ಬಿಸಿ ಆಗುತ್ತಿತ್ತು ಮಾನ್ಯರೇ. ಪ್ರತಿ ಭಾನುವಾರ, ಲೆಕ್ಕಕ್ಕಿಂತ ಎರಡು ಮೂರು ಡಿಗ್ರಿ ಹೆಚ್ಚು. ಪಕ್ಕದಲ್ಲಿಟ್ಟ ಸಾದಾ ನೀರಿನ ಪಾತ್ರೆಯ ಬಿಸಿ ಅಷ್ಟು ಏರುತ್ತಿರಲಿಲ್ಲ. ಅದರ ಮೇಲೆಯೇ ಅವರು ನಿಮಗೆ ಅರ್ಜಿ ಹಾಕಿದ್ದು. ಬಹುಮಾನ ಕೇಳಿರಲಿಲ್ಲ, ಹೆಸರೂ ಕೇಳಿರಲಿಲ್ಲ. ನಮಗಿಂತ ಚೆನ್ನಾದ ಉಪಕರಣ ಇರುವವರು ಒಮ್ಮೆ ಅಳೆದು ನೋಡಬೇಕು ಎಂದಷ್ಟೇ ಕೇಳಿದ್ದರು.

ನೀವು ಬಂದಿರಿ, ಒಯ್ದಿರಿ. ಅದಾದ ಕೆಲವು ವಾರಕ್ಕೆ, ಒಂದು ಭಾನುವಾರ, ಖಾಲಿಯಾದ ಆ ಉಗ್ರಾಣದಲ್ಲಿ ಪಾತ್ರೆ ಇಡುತ್ತಿದ್ದ ಜಾಗದಲ್ಲೇ ನನ್ನ ಗಂಡ ಚಾಪೆ ಹಾಕಿ ಗೋಡೆಗೆ ಒರಗಿ ಕೂತರು. ಮನೆಗೆ ಬಂದವರು ಚಪ್ಪಲಿ ಬಿಡುವ ಮೊದಲೇ, "ಪದ್ಮಾ, ಗ್ವಾಡಿ ಬಿಸಿ ಅದ" ಎಂದರು.

ಏನೆಂದು ನನಗೆ ಅರ್ಥವಾಗಲಿಲ್ಲ. ಆ ಗೋಡೆಯ ಆಚೆಗೆ ರಾಯರ ಅಡುಗೆಮನೆಯ ಇಡ್ಲಿ ಬಾಯ್ಲರ್ ಇದೆ. ವಾರದ ದಿನ ಬೆಳಗಿನ ತಿಂಡಿ ಮುಗಿದರೆ ಆರುತ್ತದೆ. ಭಾನುವಾರ ಮಣಿನಗರದ ಸಂಸಾರಗಳೆಲ್ಲ ಇಡ್ಲಿ ದೋಸೆಗೆ ಸಾಲು ನಿಲ್ಲುವುದರಿಂದ ಇಡೀ ದಿನ ಉರಿಯುತ್ತದೆ. ಮೂವರಿಗೂ ರಜೆ ಇದ್ದದ್ದು ಭಾನುವಾರವೇ, ಅಳತೆ ಮಾಡಿದ್ದೂ ಭಾನುವಾರವೇ. "ನಾವು ಇಷ್ಟು ದಿನ ರಾಯರ ಬಾಯ್ಲರ್ ಅಳೀಲಿಕ್ಕೆ ಹತ್ತಿದ್ವಿ ಏನೋ" ಎಂದು ಅವರು ನಕ್ಕರು. ಆ ನಗು ನನಗೆ ಇಷ್ಟವಾಗಲಿಲ್ಲ.

ಮರುವಾರ ಮೂವರಲ್ಲಿ ದೊಡ್ಡ ಚರ್ಚೆ. ಗೋಡೆಯಿಂದಲೇ ಬಿಸಿ ಬಂದಿದ್ದರೆ ಪಕ್ಕದ ಸಾದಾ ನೀರೂ ಅಷ್ಟೇ ಕಾಯಬೇಕಿತ್ತಲ್ಲ ಎಂದು ಗುಂಡಪ್ಪನವರ ವಾದ. "ಅದು ಗೋಡೆಯಿಂದ ದೂರ ಇತ್ತಲ್ಲ ಮಾರಾಯ್ರೆ, ಇದು ಒತ್ತಿಕೊಂಡೇ ಇತ್ತು" ಎಂದು ರಾಯರು. ಎರಡು ಮಾತಿನಲ್ಲೂ ಹುರುಳಿತ್ತು. ತೀರ್ಮಾನ ಮಾಡಲು ಪಾತ್ರೆ ಬೇಕಿತ್ತು, ಅದು ನಿಮ್ಮ ಹತ್ತಿರವಿತ್ತು. ಅಂಥ ತಂತಿ ಮತ್ತೆ ಸಿಗಲಿಲ್ಲ. ಭಾರಜಲದ ಹೆಸರೆತ್ತಲು ಯಾರಿಗೂ ಧೈರ್ಯವಿರಲಿಲ್ಲ. ಆಗ ನನ್ನ ಗಂಡ ನಿಮಗೆ ಇನ್ನೊಂದು ಪತ್ರ ಬರೆದರು. ನಮ್ಮ ಅಳತೆಯಲ್ಲಿ ಇಂಥ ದೋಷ ಇರುವ ಸಾಧ್ಯತೆ ಇದೆ, ದಯವಿಟ್ಟು ಯಾವ ಬಿಸಿ ಗೋಡೆಯೂ ಇಲ್ಲದ ಕಡೆ ಇಟ್ಟು ಪರೀಕ್ಷಿಸಿ, ನಾವು ತಪ್ಪಿದ್ದರೆ ಹಾಗೆಂದೇ ತಿಳಿಸಿ ಎಂದು. ತಮ್ಮ ಅರ್ಜಿಯ ವಿರುದ್ಧ ತಾವೇ ಸಾಕ್ಷಿ ಹೇಳಿದ ಅರ್ಜಿದಾರರು ನಿಮ್ಮ ಕಚೇರಿಗೆ ಎಷ್ಟು ಮಂದಿ ಬಂದಿದ್ದಾರೆ? ಅಂಥವರಿಗೆ ಉತ್ತರ ಕೊಡಲು ಬೇರೆ ಇಲಾಖೆ ಇದೆಯೇ? ಇದ್ದರೆ ವಿಳಾಸ ತಿಳಿಸಬೇಕಿತ್ತು.

ಆಮೇಲೆ ಕಾಯುವುದೇ ಅವರ ಹವ್ಯಾಸವಾಯಿತು. ಹುಬ್ಬಳ್ಳಿಗೆ ವರ್ಗ ಕೇಳಿ ವರ್ಷಗಟ್ಟಲೆ ಅಲೆದಿದ್ದವರು, ವರ್ಗ ಸಿಕ್ಕಾಗ ಬೇಡವೆಂದರು. ಉತ್ತರ ಈ ವಿಳಾಸಕ್ಕೆ ಬರುತ್ತದೆ ಎಂಬುದು ಕಾರಣ. ನಾನು ಜಗಳವಾಡಿದೆ, ಮಾತು ಬಿಟ್ಟೆ, ಮತ್ತೆ ಮಾತಾಡಿದೆ. ಪೋಸ್ಟ್‌ಮ್ಯಾನ್ ನಮ್ಮ ಮನೆ ದಾಟಿ ಹೋಗುವಾಗ ತಲೆ ತಗ್ಗಿಸಿಕೊಂಡು ಹೋಗುತ್ತಿದ್ದ, ಪಾಪ, ತಪ್ಪು ಅವನದೇ ಎಂಬಂತೆ. ಫೆಬ್ರವರಿಯ ಒಂದು ಬೆಳಿಗ್ಗೆ ಡ್ಯೂಟಿಗೆ ಹೊರಟವರು ಸ್ಟೇಷನ್ನಿನ ಮೆಟ್ಟಿಲ ಮೇಲೆ ಕೂತರು, ಏಳಲಿಲ್ಲ. ಮೇ ತಿಂಗಳಲ್ಲಿ ಪೋಖರಣದ ಅಣುಪರೀಕ್ಷೆಯ ಸುದ್ದಿ ಬಂದಾಗ ನಮ್ಮ ಸೊಸೈಟಿಯವರು ಮನೆಮನೆಗೆ ಪೇಡೆ ಹಂಚಿದರು. ಸಾವಿನ ಮನೆಯೆಂದು ನಮ್ಮ ಬಾಗಿಲಲ್ಲಿ ಕ್ಷಣ ತಡೆದು, ಕೊನೆಗೆ ನಮಗೂ ಒಂದು ಕೊಟ್ಟರು. ವಿಜ್ಞಾನಿಗಳ ದೇಶ ಎಂದರು. ನಾನು ಹೂಂ ಎಂದೆ.

ನೋಟೀಸು ಬಂದ ಮೇಲೆ ನಾನೇ ವಡೋದರಾಕ್ಕೆ ಬಂದಿದ್ದೆ. ನೀವು ಮೀಟಿಂಗಿನಲ್ಲಿದ್ದಿರಿ. ಕಿಟಕಿಯ ಗುಮಾಸ್ತರು ಒಳ್ಳೆಯವರು, ನೀರು ಕೊಟ್ಟರು. "ಬೆನ್, ಅರಜ್‌ದಾರೇ ಜಾತೇ ಆವವುಂ ಪಡೇ" ಎಂದರು, ಅರ್ಜಿದಾರರು ಸ್ವತಃ ಬರಬೇಕಂತೆ. ಮರಣ ಪ್ರಮಾಣಪತ್ರ ತೋರಿಸಿದೆ. ಅದಕ್ಕೆ ಬೇರೆ ಅರ್ಜಿ ಇದೆ ಎಂದರು. ಅವರ ಬೆನ್ನ ಹಿಂದಿನ ಕಪಾಟಿನ ಮೇಲೆ ನಮ್ಮ ಗಾಜಿನ ಪಾತ್ರೆ ಕಂಡಿತು. ನನ್ನ ಗಂಡನ ಕೈಬರಹದ ಚೀಟಿ ಹಾಗೇ ಅಂಟಿಕೊಂಡಿದೆ. ತಂತಿಯೂ ಒಳಗೇ ಇದೆ. ಭಾರಜಲದ ಸೀಸೆ ಪಕ್ಕದಲ್ಲೇ ಇದೆ, ಒಯ್ಯುವಾಗ ನಿಮ್ಮವರು ಅದಕ್ಕೆ ಹಾಕಿದ ಮುದ್ರೆಯೂ ಒಡೆದಿಲ್ಲ. ಅಲ್ಲಿ ನಿಂತು ಅಳು ಬರುತ್ತದೆ ಎಂದುಕೊಂಡಿದ್ದೆ. ಧೂಳು ಒರೆಸಬೇಕು ಎಂದಷ್ಟೇ ಅನ್ನಿಸಿತು. ಮನೆಗೆ ಬರುವ ರೈಲಿನಲ್ಲಿ ನನ್ನ ಬಗ್ಗೆ ನನಗೇ ಹೆದರಿಕೆಯಾಯಿತು.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಆ ಪಾತ್ರೆಯನ್ನು ಇಳಿಸಿ. ನಿಮ್ಮ ಕಚೇರಿಯ ಯಾವುದಾದರೂ ಮೇಜಿನ ಮೇಲೆ, ಗೋಡೆಗಳಿಂದ ದೂರ ಇಟ್ಟು, ಒಂದೇ ಒಂದು ಸಲ ನಡೆಸಿ. ಹೇಗೆ ನಡೆಸಬೇಕೆಂದು ಗುಂಡಪ್ಪನವರು ಬಂದು ತೋರಿಸುತ್ತಾರೆ. ಲೋಕಕ್ಕೆ ಹೊಸ ಇಂಧನ ಸಿಗಲಿ ಎಂದು ನಾನು ಕೇಳುತ್ತಿಲ್ಲ, ನನ್ನ ಮನೆಗೆ ಗ್ಯಾಸ್ ಸಿಲಿಂಡರ್ ಬರುತ್ತದೆ. ಕಂಡದ್ದನ್ನು ಒಂದು ಸಾಲಿನಲ್ಲಿ ಬರೆದು ಕಳಿಸಿ. ಮಾಘದಲ್ಲಿ ಅವರ ವರ್ಷಾಂತಿಕ, ಅದಕ್ಕೆ ಮೊದಲು ಬಂದರೆ ಉಪಕಾರ.

ನನ್ನ ಮಗಳು ಮೇದಿನಿ ಇಲ್ಲೇ ಬೆಳೆದವಳು, ಕನ್ನಡ ಅಷ್ಟಕ್ಕಷ್ಟೆ. ಮೊನ್ನೆ ಊಟ ಮಾಡುತ್ತಾ, "ಮಮ್ಮಿ, ಪಪ್ಪಾ ರಾಂಗ್ ಇದ್ರಾ?" ಎಂದು ಕೇಳಿದಳು. ಗೊತ್ತಿಲ್ಲ ಎಂದೆ. "ಪಪ್ಪಾಗೆ ಗೊತ್ತಿತ್ತಾ?" ಎಂದಳು. ಅವರಿಗೂ ಗೊತ್ತಿರಲಿಲ್ಲ ಎಂದೆ. ಅವಳು ತಟ್ಟೆಯಲ್ಲೇ ಕೈ ತೊಳೆದು ಎದ್ದು ಹೋದಳು.

ತಪ್ಪಾಗಿದ್ದರೆ ತಪ್ಪು ಎಂದೇ ಬರೆಯಿರಿ, ಸಂಕೋಚ ಬೇಡ. ತಪ್ಪು ಮಾಡಿ ಹೋದವರಿಗೆ ಎಳ್ಳು ನೀರು ಬಿಡಬಹುದು, ಸರಿಯಾಗಿದ್ದು ಹೋದವರಿಗೂ ಬಿಡಬಹುದು. ಉತ್ತರ ಕಾಯುತ್ತಾ ಹೋದವರಿಗೆ ಏನು ಮಾಡಬೇಕೆಂದು ನಮ್ಮ ಪುರೋಹಿತರನ್ನು ಕೇಳಿದೆ. ಅದಕ್ಕೆ ವಿಧಿಯಿಲ್ಲವಂತೆ.

ಇಂತಿ,
ಸ್ವತಃ ಬರಲಾಗದ ಅರ್ಜಿದಾರರ ಹೆಂಡತಿ,
ಇನ್ನೂ ಅದೇ ವಿಳಾಸದಲ್ಲಿರುವ
ಪದ್ಮಾವತಿ
ಮಣಿನಗರ, ಅಹಮದಾಬಾದ್
ನವೆಂಬರ್ ೧೯೯೮