ನೀನು ಅರ್ಧಕ್ಕೆ ಬಿಟ್ಟ ಕಥೆ

ಸುಭದ್ರಾ,

ನಿನ್ನ ಶಾಲೆಯ ಗ್ರಂಥಾಲಯವನ್ನು ಇಂದು ಮೊದಲ ಸಲ ನೋಡಿದೆ. ನೀನು ತೀರಿಕೊಂಡರೂ ಅಲ್ಲಿ ಕಥೆಯ ದಿನ ನಿಂತಿಲ್ಲ. ನೀನು ಬರೆದು ಅರ್ಧಕ್ಕೆ ಬಿಟ್ಟ ಕಥೆಗಳಲ್ಲಿ ಒಂದನ್ನು ಪ್ರತಿ ಸಲ ಮಕ್ಕಳು ಮುಗಿಸಬೇಕು. ಈ ಸಲದ್ದು, ನಾಚಾರಂ ಕಾರ್ಖಾನೆಯಿಂದ ಬಂದು ಮಾತಿಲ್ಲದೆ ಉಂಡು ಮಲಗುವ ಗಂಡನ ಕಥೆ. ನಮ್ಮ ಅಡುಗೆಮನೆಯನ್ನು ಗುರುತಿಸಲು ನನಗೆ ಕಷ್ಟವಾಗಲಿಲ್ಲ.

ಲಹರಿ ಎಂಬ ಹುಡುಗಿ ಎದ್ದು ನಿಂತಳು. “ಒಂದಿನ ಅಂವ, ‘ಸಾರು ಭಾಳ ಚೊಲೋ ಆಗೇತಿ’ ಅಂದ. ಕಥಿ ಮುಗೀತ್ರಿ.”

ಹುಡುಗರು ನಕ್ಕರು. “ಕಂಜೂಸ್! ಒಂದು ಸೀರಿನೂ ತರಲಿಲ್ಲೇನ?”

“ಆಕಿಗೆ ಅಷ್ಟ ಸಾಕಾಗಿತ್ತು.”

ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಹೆಡ್‌ಮಿಸ್ ನನ್ನ ಕಡೆ ತಿರುಗಿ, “ಸುಭದ್ರಾ ಟೀಚರ್ ಬಗ್ಗೆ ನೀವೂ ಎರಡು ಮಾತು ಹೇಳ್ರಿ” ಎಂದರು.

ಎದ್ದು ಕೈಮುಗಿದೆ. ಹಾಗೆಯೇ ಕುಳಿತುಕೊಂಡೆ.