ಹುಳದ ಮನೆಯ ನೀರು, ಗಾಡಿಯ ಗಾಜು

ಮಾವ,

ನಾನು ಮಂಜ, ನಿನ್ನ ಅಕ್ಕನ ಮಗ. ಹತ್ತನೇ ಕ್ಲಾಸಿಗೇ ಸ್ಕೂಲು ಬಿಟ್ಟವನಿಗೆ ಕಾಗದ ಬರೆಯೋ ಚಟ ಯಾವಾಗ ಹತ್ತಿತು ಅಂತ ನಗಬೇಡ. ನೀನು ಹೋದ ಮೇಲೆ ನಮ್ಮ ಮನೆಯಲ್ಲಿ ಎಲ್ಲರೂ ನಿನ್ನ ಬಗ್ಗೆ ಒಳ್ಳೆಯದನ್ನೇ ಹೇಳುತ್ತಾರೆ. ನಾನು ಒಂದು ಕೆಟ್ಟದ್ದು ಹೇಳಿದೆ. ಎಲ್ಲರ ಎದುರೇ ಹೇಳಿದೆ. ನಿನಗೂ ಹೇಳದೆ ಹೋದರೆ ಬೆನ್ನ ಹಿಂದೆ ಆಡಿಕೊಂಡ ಹಾಗಾಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಬಿಡದಿಯ ತಟ್ಟೆ ಇಡ್ಲಿ ಹೋಟೆಲಿನಿಂದ ನನ್ನನ್ನು ಆಚೆ ಹಾಕಿದ ದಿನ ನೆನಪಿದೆಯಾ? ಗಿರಾಕಿ ಒಬ್ಬ ಚಟ್ನಿ ಇವತ್ತಿನದಾ ಅಂತ ಕೇಳಿದ, ನಾನು ಅಲ್ಲ ಅಂದೆ, ಅಷ್ಟೇ ನಡೆದದ್ದು. ನೀನು ವ್ಯಾನು ತಗೊಂಡು ಬಂದು ನನ್ನನ್ನು ಹತ್ತಿಸಿಕೊಂಡೆ. "ಲೇ ಮಂಜ, ನಿನ್ ಬಾಯಿಗೆ ಒಂದು ಬೀಗ ಮಾಡಿಸ್ಬೇಕು ಕಣ್ಲಾ" ಅಂದೆ. ಸ್ವಲ್ಪ ದೂರ ಬಂದ ಮೇಲೆ ಒಬ್ಬನೇ ನಗೋಕೆ ಶುರು ಮಾಡಿದೆ. ಅದಕ್ಕೂ ಮುಂಚೆ ಚನ್ನಪಟ್ಟಣದಲ್ಲಿ ಗೊಂಬೆ ಕಡೆಯೋ ಕೆಲಸಕ್ಕೆ ಸೇರಿ, ಕೂತಲ್ಲೇ ಕೂರೋಕಾಗದೆ ನಾನೇ ಓಡಿ ಬಂದಿದ್ದೆ. ಇನ್ನೊಬ್ಬ ಮಾವ ಆಗಿದ್ದರೆ ಬೈದು ಬಿಟ್ಟುಬಿಡುತ್ತಿದ್ದ. ನೀನು ರಾಮನಗರದ ಗ್ಯಾರೇಜಿನ ಮುಂದೆ ಇಳಿಸಿ, "ಗಾಡಿ ಮುಂದೆ ಎಷ್ಟು ನಿಜ ಬೇಕಾದ್ರೂ ಹೇಳ್ಕ, ಅದು ಯಾರಿಗೂ ಚಾಡಿ ಹೇಳಲ್ಲ" ಅಂದೆ. ಇನ್ನೂ ಅಲ್ಲೇ ಇದ್ದೇನೆ ಮಾವ. ಆಶ್ಚರ್ಯ ಅಲ್ವಾ?

ಕೆರೆ ಏರಿಯ ಮೇಲೆ ನೀನು ಅತ್ತೆಗೆ ವ್ಯಾನು ಕಲಿಸಿದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಆಗಲೇ ನಿನ್ನ ಕಾಲು ಊದಿಕೊಂಡು ಕ್ಲಚ್ ಒತ್ತೋಕಾಗುತ್ತಿರಲಿಲ್ಲ. ಪಕ್ಕದ ಸೀಟಿನಲ್ಲಿ ಶಾಲು ಹೊದ್ದು ಕೂತು, "ಬಿಡೇ, ಬಿಡೇ, ನಿಧಾನಕ್ಕೆ ಬಿಡೇ" ಅನ್ನುತ್ತಿದ್ದೆ. ಅತ್ತೆ "ನೀವು ಬಾಯ್ ಮುಚ್ಕಂಡ್ರೆ ಬುಡ್ತೀನಿ" ಅನ್ನುತ್ತಿದ್ದಳು. ಹಿಂದಿನ ಸೀಟಿನಲ್ಲಿ ನಾನು ಜೀವ ಕೈಯಲ್ಲಿ ಹಿಡಿದು ಕೂತಿದ್ದೆ. ಆಮೇಲೆ ನಮ್ಮ ಅಕ್ಕೂರಿನಲ್ಲಿ ರೇಷ್ಮೆ ಗೂಡು ತುಂಬಿದ ಚೀಲ ಹಾಕಿಕೊಂಡು ತಾನೇ ಗಾಡಿ ಓಡಿಸಿಕೊಂಡು ರಾಮನಗರದ ಗೂಡಿನ ಮಾರುಕಟ್ಟೆಗೆ ಬರೋ ಹೆಂಗಸು ಅಂದರೆ ಅತ್ತೆ ಒಬ್ಬಳೇ. ನೀನು ಹೋದ ಮೇಲೂ ಹುಳ ಸಾಕೋದು ನಿಲ್ಲಿಸಲಿಲ್ಲ. ಯಾರ ಬರವಿಗೂ ಕಾಯುತ್ತಿರಲಿಲ್ಲ. ಗೂಡು ಬಿಡಿಸಿದ್ದೇ ಹೊರಟುಬಿಡುತ್ತಿದ್ದಳು. ಅದು ಎಷ್ಟು ದೊಡ್ಡ ಸಂಗತಿ ಅಂತ ನನಗೆ ಗೊತ್ತಾಗಿದ್ದು ಅದು ನಿಂತುಹೋದ ಮೇಲೇ.

ಹೋದ ಬೆಳೆಯ ಗೂಡು ಸಾಗಿಸುವ ಬೆಳಿಗ್ಗೆ ಸೋನೆ ಮಳೆ ಬಂದು ನಿಂತಿತ್ತು. ಎದುರು ಬಂದ ಲಾರಿ ರಸ್ತೆ ಹಳ್ಳದ ಕೆಂಪು ನೀರನ್ನೆಲ್ಲ ಗಾಜಿಗೆ ರಾಚಿ ಹೋಯಿತಂತೆ. ಅತ್ತೆ ವೈಪರ್ ಹಾಕಿ, ನೀರು ಚಿಮ್ಮಿಸೋ ಗುಂಡಿ ಒತ್ತಿದಳು. ಮೋಟರ್ ಕೂಗಿತು, ನೀರು ಬರಲಿಲ್ಲ. ಮತ್ತೆ ಒತ್ತಿದಳು. ಎರಡು ಹನಿ ಜಿನುಗಿತು. ಆ ಎರಡು ಹನಿಯಲ್ಲಿ ವೈಪರ್ ಮಣ್ಣನ್ನು ಕಲಸಿ ಗೋಡೆಗೆ ಸಗಣಿ ಸಾರಿಸಿದ ಹಾಗೆ ಗಾಜಿನ ತುಂಬ ಸಾರಿಸಿತು. ಏನೂ ಕಾಣದೆ ಅಂದಾಜಿನ ಮೇಲೆ ಬ್ರೇಕು ಹಾಕಿದಳು. ಇಳಿದು ನೋಡಿದರೆ ಹಾಲಿನ ಡೈರಿಯ ಮುಂದೆ ನಿಂತಿದ್ದ ಹೆಂಗಸು ಮೋರಿಗೆ ಹಾರಿಕೊಂಡಿದ್ದಳು, ಅವಳ ಹಾಲಿನ ಕ್ಯಾನು ಗಾಡಿಯ ಚಕ್ರಕ್ಕೆ ತಾಗಿಕೊಂಡು ಉರುಳಿತ್ತು. ಅವಳಿಗೆ ಏನೂ ಆಗಲಿಲ್ಲ ಮಾವ. ಆದರೆ ಒಂದು ಮೊಳ ಮುಂದೆ ಹೋಗಿದ್ದರೆ...

ಅವತ್ತೇ ಅತ್ತೆ ಗಾಡಿಯ ಕೀಲಿಯನ್ನು ಚಿಕ್ಕಮಾವನ ಕೈಗೆ ಕೊಟ್ಟುಬಿಟ್ಟಳು. ನಿನ್ನ ತಮ್ಮ ಕೆಟ್ಟವನಲ್ಲ, ನಿನಗೂ ಗೊತ್ತು. ಆದರೆ ಅವನಿಗೆ ಬಿಡುವಾದಾಗ ಗಾಡಿ ಹೊರಡುತ್ತೆ, ಅವನಿಗೆ ಸರಿ ಕಂಡ ಹಾಗೆ ಗೂಡು ಮಾರಾಟ ಆಗುತ್ತೆ. ಅತ್ತೆ ಮನೆಯಲ್ಲಿ ಕೂತು "ಏನಾಯ್ತಪ್ಪ" ಅಂತ ಕೇಳಬೇಕು. ಸೋಮವಾರ ಗ್ಯಾರೇಜಿಗೆ ರಜ, ನಾನು ಬಂದೆ. ಚಿಕ್ಕಮಾವ ಜಗಲಿಯ ಮೇಲೆ ಕಾಫಿ ಕುಡಿಯುತ್ತಾ, "ಮೋಟ್ರು ಹೋಗೈತೆ ಕಣ್ಲಾ, ಹೊಸದು ಹಾಕ್ಬುಡು. ಅತ್ತಿಗೆ ಗಾಬ್ರಿ ಮಾಡ್ಕಂಡವ್ರೆ, ಹೆಂಗಸ್ರು ಪಾಪ, ಇನ್ಮ್ಯಾಕೆ ನಾನೇ ನೋಡ್ಕತ್ತೀನಿ" ಅಂದ. ಅತ್ತೆ ಒಳಗಿಂದಲೇ, "ಹೂಂ ಕಣಪ್ಪ, ನಾನೇ ಸರ್ಯಾಗಿ ಒತ್ತಿಲ್ಲ ಅಂತ ಕಾಣ್ತದೆ" ಅಂದಳು. ಕೆರೆ ಏರಿಯ ಮೇಲೆ ನಿನ್ನ ಬಾಯಿ ಮುಚ್ಚಿಸಿದವಳು ಇವಳೇನಾ?

ಗುಂಡಿ ಒತ್ತಿ ನೋಡಿದೆ. ಮೋಟರ್ ಗುಂಯ್ ಅಂದಿತು. ಅದು ತಿರುಗುತ್ತಿದೆ ಅಂದರೆ ಫ್ಯೂಸು ಸುಟ್ಟಿಲ್ಲ. ಕರೆಂಟು ಕಮ್ಮಿ ಬರುತ್ತಿದೆಯೇನೋ ಅಂತ ಬ್ಯಾಟರಿಯಿಂದ ನೇರ ವೈರು ಕೊಟ್ಟೆ, ಅದೇ ದನಿ, ಅದೇ ಹನಿ. ಟ್ಯಾಂಕಿನಲ್ಲಿ ನೀರು ತುಂಬಿತ್ತು. ನೀರು ಚಿಮ್ಮೋ ತೂತಿಗೆ ಅತ್ತೆ ಆಗಲೇ ಪಿನ್ನು ಚುಚ್ಚಿ ನೋಡಿದ್ದಳಂತೆ, ಎರಡೂ ತೂತು ಬಿಟ್ಟೇ ಇದ್ದವು. ಸರಿ, ತೂತಿನ ಹತ್ತಿರ ಪೈಪು ಕಿತ್ತು ಗುಂಡಿ ಒತ್ತಿದೆ. ಬರೀ ಪೈಪಿನಲ್ಲೂ ನೀರು ನಿಂತುಹೋಗೋ ನಲ್ಲಿಯ ಹಾಗೆ ಅಳುತ್ತಾ ಬಂತು. ಹಾಗಾದರೆ ತಪ್ಪು ಮೇಲಿಲ್ಲ, ಕೆಳಗಿದೆ. ಕೈ ಸವರಿಕೊಂಡು ಹೋದೆ, ಪೈಪು ಎಲ್ಲೂ ಮಡಚಿಕೊಂಡಿರಲಿಲ್ಲ, ಸೀಳಿರಲಿಲ್ಲ. ನೀರು ವಾಪಸ್ ಟ್ಯಾಂಕಿಗೆ ಇಳಿಯದಂತೆ ಪೈಪಿನ ನಡುವೆ ಒಂದು ಸಣ್ಣ ತಡೆ ಇರುತ್ತದೆ. ಅದು ಅರ್ಧ ಬಾಯಿ ತೆರೆದುಕೊಂಡು ಕಚ್ಚಿಕೊಂಡಿತ್ತು. ಪೈಪಿನ ನೀರೆಲ್ಲ ವಾಪಸ್ ಇಳಿದುಬಿಡುತ್ತಿತ್ತು, ಒತ್ತಿ ಎಷ್ಟೋ ಹೊತ್ತಾದ ಮೇಲೆ ಹನಿ ಬರುತ್ತಿದ್ದದ್ದು ಅದಕ್ಕೇ. ಆದರೆ ಕಚ್ಚಿಕೊಂಡಿದ್ದು ಯಾಕೆ? ಕೊನೆಗೆ ಟ್ಯಾಂಕು ಇಳಿಸಿ, ಅಡಿಯಿಂದ ಮೋಟರ್ ಎಳೆದು, ಅದರ ಬಾಯಿಯಲ್ಲಿದ್ದ ಪುಟ್ಟ ಜಾಲರಿ ನೋಡಿದೆ. ಬೆಳ್ಳಗೆ, ಗಟ್ಟಿ ಮೊಸರಿನ ಹಾಗೆ ಮೆತ್ತಿಕೊಂಡಿತ್ತು. ಉಗುರಿನಲ್ಲಿ ಕೆರೆದು ನಾಲಿಗೆಗೆ ಇಟ್ಟೆ.

ಸುಣ್ಣ ಮಾವ.

ಹುಳದ ಮನೆಯ ಬಾಗಿಲಲ್ಲಿ ಇಡುತ್ತಿದ್ದ ನಿನ್ನ ನೀಲಿ ಕ್ಯಾನು ಆಗ ಕಣ್ಣ ಮುಂದೆ ಬಂತು. ಹುಳ ಪೊರೆ ಬಿಡೋಕೆ ಅಂತ ಜ್ವರಕ್ಕೆ ಕೂತಾಗ ಅದರ ಹಾಸಿಗೆಗೆ ಎರಚೋ ಸುಣ್ಣ, ಬೆಳೆ ಎದ್ದ ಮೇಲೆ ಮನೆ ತೊಳೆಯೋಕೆ ಕಲಸೋ ಸುಣ್ಣ, ಎಲ್ಲಾ ಅದರಲ್ಲೇ. ಅದನ್ನೇ ಒಂದು ಸಲ ಗಲಬರಿಸಿ, ನೀರು ಹಿಡಿದು, ಗಾಡಿಯ ಟ್ಯಾಂಕಿಗೆ ಸುರಿಯುತ್ತಿದ್ದೆ. ಗ್ಯಾರೇಜಿನಿಂದ ಸೋಪಿನ ನೀರಿನ ಬಾಟಲು ತಂದುಕೊಟ್ಟರೆ ವಾಪಸ್ ಕೊಟ್ಟೆ. "ಇದೇ ಗಾಡೀಲಿ ಸೊಪ್ಪು ತರ್ತೀನಿ ಕಣ್ಲಾ. ಸೋಪಿನ ವಾಸ್ನೆ ಸೊಪ್ಪಿಗೆ ತಗಲಿದ್ರೆ ಹುಳ ಬಾಯೇ ಇಡಲ್ಲ" ಅಂದೆ. ಮನೆಯ ಬೇರೆ ಬಿಂದಿಗೆ, ಬಕೀಟು ಯಾವುದನ್ನೂ ನಂಬುತ್ತಿರಲಿಲ್ಲ. ಯಾವುದಾದರೂ ಒಂದು ಸಲ ಗದ್ದೆಯ ಔಷಧಿ ಕಂಡಿರಬಹುದು ಅಂತ ನಿನಗೆ ಅನುಮಾನ. ಔಷಧಿ ಮುಟ್ಟದ ಪಾತ್ರೆ ಅಂದರೆ ಹುಳದ ಮನೆಯ ಕ್ಯಾನು ಒಂದೇ. ಹುಳಕ್ಕೆ ಅಷ್ಟು ಜೋಪಾನ ಮಾಡಿದವನು ಗಾಜಿನ ಯೋಚನೆ ಮಾಡಲಿಲ್ಲ. ನೀನು ಮಾಡಿದ್ದನ್ನೇ ಅತ್ತೆಯೂ ಮಾಡಿಕೊಂಡು ಬಂದಳು. ನೀನು ಕಲಿಸಿದ್ದನ್ನು ಅವಳು ಯಾಕೆ ಬದಲಾಯಿಸುತ್ತಾಳೆ?

ಆ ಜಾಲರಿ ನನ್ನ ಅಂಗೈಯಲ್ಲಿತ್ತು. ಚಿಕ್ಕಮಾವ ಹೇಳಿದ ಹಾಗೆ ಮೋಟರ್ ಹೋಗಿದೆ ಅಂದರೆ ಮುಗಿಯುತ್ತಿತ್ತು. ಯಾರಿಗೂ ನೋವಿಲ್ಲ. ಆದರೆ ಅತ್ತೆ ಸಾಯೋವರೆಗೂ ತನ್ನ ಕೈಯೇ ಸರಿಯಿಲ್ಲ ಅಂದುಕೊಂಡಿರುತ್ತಿದ್ದಳು, ಕೀಲಿ ಮತ್ತೆ ಮುಟ್ಟುತ್ತಿರಲಿಲ್ಲ. ಅವಳನ್ನು ಕರೆದು ತೋರಿಸಿದೆ. "ನಿನ್ನದಲ್ಲ ಅತ್ತೆ. ಮೋಟರಿನದೂ ಅಲ್ಲ. ಇದು ಮಾವ ಮಾಡಿದ್ದು" ಅಂದೆ.

ಚಿಕ್ಕಮಾವ ಕಾಫಿ ಲೋಟ ಕೆಳಗಿಟ್ಟ. "ಏನ್ಲಾ ಅಂದೆ?"

"ಸುಣ್ಣದ ಕ್ಯಾನಿನ ನೀರು ಹಾಕಿ ಹಾಕಿ ಕಟ್ಟಿಕೊಂಡಿದೆ. ಮಾವನದೇ ತಪ್ಪು."

"ಸತ್ತೋರ್ ಮ್ಯಾಲೆ ಹಾಕ್ತೀಯಲ್ಲೋ ಬಡ್ಡೀಮಗನೆ! ನಿನ್ನ ಸಾಕಿದ ಮನುಷ್ಯ ಅವನು. ಫೋಟೋ ಅಲ್ಲೇ ನೇತಾಕೈತೆ, ನೋಡ್ಕಂಡು ಮಾತಾಡು."

"ನೋಡ್ಕಂಡೇ ಹೇಳ್ತಿದ್ದೀನಿ" ಅಂದೆ. ನಿಜವಾಗಲೂ ನಿನ್ನ ಫೋಟೋ ಕಡೆ ನೋಡಿದೆ ಮಾವ. ಸುಗಂಧರಾಜದ ಹಾರ, ವಿಭೂತಿ. ನೀನು ಅಷ್ಟು ಗಂಭೀರವಾಗಿ ಯಾವತ್ತಾದರೂ ಇದ್ದೆಯಾ?

ಅತ್ತೆ ಜಾಲರಿಯನ್ನು ನನ್ನ ಕೈಗೆ ವಾಪಸ್ ಇಟ್ಟು ಒಳಗೆ ಹೋದಳು. ಚಿಕ್ಕಮಾವ ನನ್ನನ್ನು ನೋಡಿದ ನೋಟ ಇದೆಯಲ್ಲ... ಚಟ್ನಿ ಮಾತಿಗೆ ಕೆಲಸ ಹೋಗಿತ್ತು, ಈ ಮಾತಿಗೆ ಮನೆಯೇ ಹೋಯಿತು ಅಂದುಕೊಂಡೆ. ಒಳಗೆ ಪಾತ್ರೆ ಸದ್ದಾಯಿತು. ಆಮೇಲೆ ಅತ್ತೆಯ ದನಿ. ಅಳು ಅಂದುಕೊಂಡೆ, ಅಲ್ಲ, ಬೈಗುಳ, ಅದೂ ನಿನಗೆ. "ಬಡ್ಕಂಡೆ, ಸುಣ್ಣದ್ದು ಬ್ಯಾಡಿ, ಬ್ಯಾರೆ ತಕ್ಕಳಿ ಅಂತ ಬಡ್ಕಂಡೆ. ಕೇಳಿದ್ರಾ ನನ್ ಮಾತ? ನಿಮಗೇ ಎಲ್ಲಾ ಗೊತ್ತು. ಹುಳದ ಮೇಲಿದ್ದ ನಿಗಾ ಒಸಿ ನನ್ ಮ್ಯಾಲಿದ್ದಿದ್ರೆ!" ಹೊರಗೆ ಬಂದಾಗ ಅವಳ ಕಣ್ಣು ಒದ್ದೆಯಾಗಿದ್ದವು, ಮುಖ ಮಾತ್ರ ಅರಳಿತ್ತು. ಕೈಯಲ್ಲಿ ಹುಣಸೆಹಣ್ಣು ಕಿವುಚಿದ ಬಟ್ಟಲು.

"ಹಿತ್ತಾಳೆ ಬೆಳಗ್ತದೆ, ಸುಣ್ಣ ಬುಡಲ್ವಾ? ಬಟ್ಟೇಲಿ ಸೋಸಿವ್ನಿ, ಸಿಪ್ಪೆ ಹೋಗಿ ಸೇರ್ಕಂಬಾರ್ದು" ಅಂದಳು. ಆಮೇಲೆ ನನ್ನ ಕಡೆ ತಿರುಗದೆ, "ನಿಮ್ ಮಾವ ಹೋದ್ಮ್ಯಾಲೆ ಎಲ್ಲಾರೂ ದ್ಯಾವ್ರು ಅಂತಿದ್ರು ಕಣೋ. ನಾನೂ ದ್ಯಾವ್ರು ಅಂತ ಅದೇ ಕ್ಯಾನಿನ ನೀರೇ ಹುಯ್ಕಂಡು ಬಂದೆ. ದ್ಯಾವ್ರನ್ನ ಬಯ್ಯಕ್ಕಾಯ್ತದಾ? ಇವತ್ತು ಬಯ್ದೆ. ಎದುರಿಗೇ ಇದ್ದಂಗಾಯ್ತು" ಅಂದಳು. ಚಿಕ್ಕಮಾವ ಖಾಲಿ ಲೋಟ ಎತ್ತಿಕೊಂಡು ಅದರಲ್ಲಿಲ್ಲದ ಕಾಫಿ ಕುಡಿದ.

ಹುಣಸೆ ನೀರಿನಲ್ಲಿ ಜಾಲರಿಯನ್ನೂ ಆ ಸಣ್ಣ ತಡೆಯನ್ನೂ ನೆನೆಹಾಕಿದೆವು. ಸಣ್ಣಗೆ ನೊರೆ ಎದ್ದಿತು. ಟ್ಯಾಂಕಿಗೂ ಅದನ್ನೇ ಹಾಕಿ ಕುಲುಕಿ ಚೆಲ್ಲಿದರೆ ನೀರು ಹಾಲಿನ ಹಾಗೆ ಬಂತು. ಪೈಪಿಗೆ ಬಾಯಿ ಹಾಕಿ ಊದಿದೆ. ಮೂರು ಸಲ ಒಳ್ಳೆಯ ನೀರಿನಲ್ಲಿ ತೊಳೆದೆ. ಎಲ್ಲಾ ಜೋಡಿಸಿ, ಅತ್ತೆಯನ್ನೇ ಕೂರಿಸಿ, "ಒತ್ತು" ಅಂದೆ. ಅವಳು ಒತ್ತಿದಳು. ಒತ್ತಿದ ಕ್ಷಣಕ್ಕೇ ಎರಡೂ ಕಡೆ ನೀರು ಚಿಮ್ಮಿ ಗಾಜಿನ ಮೇಲ್ತುದಿಗೆ ಬಡಿಯಿತು. ಅವಳು ಇನ್ನೊಂದು ಸಲ ಒತ್ತಿದಳು. ಇಳಿಯುವಾಗ ಕೀಲಿ ಕಿತ್ತುಕೊಂಡು ಸೆರಗಿನ ತುದಿಗೆ ಗಂಟು ಹಾಕಿದಳು. ಚಿಕ್ಕಮಾವನಿಗೆ ವಾಪಸ್ ಕೊಡಲಿಲ್ಲ, ಅವನೂ ಕೇಳಲಿಲ್ಲ. ಗಾಡಿಗೇ ಅಂತ ನಾನೊಂದು ಹೊಸ ಕ್ಯಾನು ತಂದಿಟ್ಟಿದ್ದೇನೆ. ಬರೀ ನೀರು, ಸೋಪಿಲ್ಲ. ಆ ವಿಷಯದಲ್ಲಿ ನೀನು ಹೇಳಿದ್ದು ಸರಿ. ಸರಿಯಾದದ್ದನ್ನೂ ಹೇಳಬೇಕಲ್ಲ.

ನಿನಗೆ ಗೊತ್ತಿಲ್ಲದ ಸುದ್ದಿ ಈಗ ಹೇಳುತ್ತೇನೆ. ನಿನ್ನೆ ಈ ಬೆಳೆಯ ಗೂಡು ಹೊರಟಿತು. ಅತ್ತೆ ಒಬ್ಬಳೇ ವ್ಯಾನಿನಲ್ಲಿ. ಯಾವುದಕ್ಕೂ ಇರಲಿ ಅಂತ ಚಿಕ್ಕಮಾವ ನನ್ನ ಕೈಲಿ ಬೈಕು ತರಿಸಿ, ಹಿಂದೆ ತಾನು ಕೂತು, "ಹತ್ರದಲ್ಲೇ ಹೋಗ್ಲಾ, ಕಣ್ಣಿಗೆ ಕಾಣಂಗಿರ್ಬೇಕು" ಅಂದ. ಊರು ದಾಟಿ ವೇಗ ಹಿಡಿದ ಮೇಲೆ ಮುಖಕ್ಕೆ ತಣ್ಣಗೆ ಹನಿ ಬಿದ್ದವು. ಚಿಕ್ಕಮಾವ ಕನ್ನಡಕ ತೆಗೆದು ಆಕಾಶ ನೋಡಿದ. ಬಿಸಿಲು ಸುಡುತ್ತಿತ್ತು. ಮತ್ತೆ ಹನಿ. ಅತ್ತೆ ಗುಂಡಿ ಒತ್ತುತ್ತಿದ್ದಾಳೆ, ನೀರು ಗಾಡಿಯ ತಲೆಯ ಮೇಲಿಂದ ಹಾರಿ ನಮ್ಮ ಮೇಲೆ ಬೀಳುತ್ತಿದೆ! ರಸ್ತೆಯಲ್ಲಿ ಧೂಳೂ ಇರಲಿಲ್ಲ, ಕೆಸರೂ ಇರಲಿಲ್ಲ. ಸುಮ್ಮನೆ ಒತ್ತುತ್ತಿದ್ದಾಳೆ.

ಚಿಮ್ಮೋ ತೂತನ್ನು ನಾನು ಸ್ವಲ್ಪ ಮೇಲಕ್ಕೆ ತಿರುಗಿಸಿಬಿಟ್ಟಿದ್ದೆ, ಅದು ನನ್ನ ಕೆಲಸದ ತಪ್ಪು. ಮಾರುಕಟ್ಟೆಯಲ್ಲಿ ಇಳಿದ ಮೇಲೆ, "ಪಿನ್ನು ಕೊಡು ಅತ್ತೆ, ತೂತು ಒಸಿ ತಗ್ಗಿಸ್ತೀನಿ" ಅಂದೆ. ಚಿಕ್ಕಮಾವ ಪಂಚೆಯ ಅಂಚಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದ. ಅತ್ತೆ ಅವನನ್ನೊಂದು ಸಲ ನೋಡಿ, ನನ್ನನ್ನೊಂದು ಸಲ ನೋಡಿ, ಗೂಡಿನ ಚೀಲ ಇಳಿಸುತ್ತಾ ಹೇಳಿದಳು:

"ಬ್ಯಾಡ ಕಣೋ, ಹಂಗೇ ಇರ್ಲಿ. ಹಿಂದೆ ಬರೋರು ಒಸಿ ದೂರದಲ್ಲೇ ಬರ್ಲಿ."

ನಿನ್ನ
ಮಂಜ